ಜಗಳಕ್ಕೆ ಬರುವವರು ಹತ್ತರ ಮೇಲೆ ಬನ್ನಿ

ಮೊನ್ನೆ ಕಾಶಿಯ ಸೋನಾರ್‌ಪುರಾದಲ್ಲಿ ಇ-ರಿಕ್ಷಾಕ್ಕೆ ಕಾಯುತ್ತಿದ್ದಾಗ ಯಾರೋ ಗೋಡೆಗೆ ಕೋಚಿಂಗ್ ಕ್ಲಾಸಿನ ಪೋಸ್ಟರ್ ಅಂಟಿಸುತ್ತಿದ್ದರು. ಡಬ್ಬಿಯಲ್ಲಿ ಬಿಸಿಬಿಸಿ ಮೈದಾ ಅಂಟು. ಆ ವಾಸನೆ ಮೂಗಿಗೆ ಬಡಿದದ್ದೇ, ಬಂದ ಎರಡು ರಿಕ್ಷಾ ಬಿಟ್ಟುಕೊಟ್ಟು ಅಲ್ಲೇ ನಿಂತೆ. ವಾಸನೆಯಲ್ಲಿ ಏನೋ ಒಂದು ಕಡಿಮೆಯಿತ್ತು... ಖಾರದ ಪುಡಿ. ನಮ್ಮ ಕಾಕಾ ಅಂಟಿಗೆ ಖಾರದ ಪುಡಿ ಕಲಸುತ್ತಿದ್ದರು. ಇಲ್ಲದಿದ್ದರೆ ಮಠದ ಸೂಚನೆಗಳನ್ನು ಭಕ್ತರಿಗಿಂತ ಮೊದಲು ಮಂಗಗಳು ಓದಿ, ಅಂಟು ನೆಕ್ಕಿ, ಹರಿದುಕೊಂಡು ಹೋಗುತ್ತಿದ್ದವು.

ಕಾಕಾ ಎಂದರೆ ಕಾಶಿಯಲ್ಲಿರುವ ನಮ್ಮ ಮಠದ ಹಿರಿಯ ಗುಮಾಸ್ತರು. ವಿಜಯಪುರದ ಕಡೆಯವರು. ನನಗೆ ನೆಂಟರೇನಲ್ಲ, ಮಠದಲ್ಲಿ ಎಲ್ಲರಿಗೂ ಅವರು ಕಾಕಾ. ನಾನು ಅವರ ಕೈಕೆಳಗೆ ಸೇರಿದಾಗ ನನಗೆ ಪದವಿಯೂ ಇತ್ತು, ಅದರ ಸೊಕ್ಕೂ ಇತ್ತು. ಸೂಚನೆ ಬರೆಯುವುದು ನನ್ನ ಕೆಲಸ. ಪ್ರತಿ ಸೂಚನೆಯ ಕೊನೆಗೂ ಕಾಕಾ ಒಂದು ಸಾಲು ತಪ್ಪದೆ ಬರೆಸುತ್ತಿದ್ದರು: "ಜಗಳಕ್ಕೆ ಬರುವವರು ಹತ್ತರ ಮೇಲೆ ಬನ್ನಿ." ಮಠದ ಕಚೇರಿ ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಜಗಳಕ್ಕೆ ನಾವೇ ಯಾಕೆ ಕರೆಯಬೇಕು ಎಂದರೆ, "ಓದಿದವ್ರಿಗೆ ತಿರುಗಿ ಮಾತಾಡಾಕ ಜಾಗಾ ಬಿಡಬೇಕೋ ತಮ್ಮಾ. ಇಲ್ಲಂದ್ರ ಅದು ಬರೇ ಬೆದರಿಕಿ," ಎನ್ನುತ್ತಿದ್ದರು.

ಒಂದು ಬೇಸಿಗೆ... ಮಹಡಿಯ ಮೇಲೆ, ಗಂಗೆಗೆ ಮುಖ ಮಾಡಿದ ಕೋಣೆಯ ತೊಲೆಯನ್ನು ಗೆದ್ದಲು ತಿಂದಿತ್ತು. ಮಳೆ ಹಿಡಿಯುವುದರೊಳಗೆ ಬದಲಿಸಬೇಕು, ಕೋಣೆ ಖಾಲಿಯಾಗದೆ ಕೈ ಹಚ್ಚುವುದಿಲ್ಲ ಎಂದ ಮಿಸ್ತ್ರಿ. ಅಲ್ಲಿದ್ದವರು ನಾಲ್ವರು ಅಜ್ಜಿಯರು. ಕೊನೆಗಾಲ ಕಳೆಯಲೆಂದೇ ಕಾಶಿಗೆ ಬಂದವರು, ಅಪ್ಪಟ ಹಠಮಾರಿಗಳು. ಅವರನ್ನು ಒಪ್ಪಿಸುವಂತೆ ಏನಾದರೂ ಬರೆ ಎಂದರು ಕಾಕಾ. ನಾನು ಕೆಂಪು ಶಾಯಿಯಲ್ಲಿ ಬರೆದೆ: "ಅಪಾಯ! ಈ ಕೋಣೆಯಲ್ಲಿರುವವರ ಪ್ರಾಣಕ್ಕೆ ಯಾವ ಗಳಿಗೆಯಲ್ಲೂ ಕುತ್ತು ಬರಬಹುದು."

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮರುದಿನ ನೋಡಿದರೆ ಕೋಣೆಯಲ್ಲಿ ಏಳು ಹಾಸಿಗೆ! ಕೆಳಗಿನ ಕೋಣೆಯ ಮೂವರು ಅಜ್ಜಿಯರೂ ಗಂಟುಮೂಟೆ ಸಮೇತ ಮೇಲೆ ಬಂದಿದ್ದರು. ಎಲ್ಲರಿಗಿಂತ ಹಿರಿಯ ಅಜ್ಜಿ ತೊಲೆಯ ನೇರ ಕೆಳಗೆ ಜಾಗ ಹಿಡಿದಿದ್ದಳು. "ಯಪ್ಪಾ, ಸಾಯಾಕಂತನ ಕಾಶಿಗೆ ಬಂದೀವಿ. ದವಾಖಾನಿ ಇಲ್ಲ, ಸೂಜಿ ಇಲ್ಲ, ಗಂಗವ್ವನ್ನ ನೋಡಕೋಂತ ಹ್ವಾದ್ರ ಇನ್ನೇನು ಬೇಕು? ಅದು ಯಾವಾಗ ಬೀಳ್ತೈತಿ ಅಂತ ಮಾತ್ರ ನೀ ಬರದಿಲ್ಲಲ್ಲ!" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಕೂತು ಎರಡನೆಯ ಸೂಚನೆ ಬರೆದೆ: "ತೊಲೆ ಬಿದ್ದು ಸತ್ತರೆ ಅದು ದುರ್ಮರಣ, ಕಾಶಿಯಲ್ಲಾದರೂ ಮುಕ್ತಿಯಿಲ್ಲ ಎಂದು ಸ್ವಾಮಿಗಳು ಹೇಳಿದ್ದಾರೆ." ಸ್ವಾಮಿಗಳು ಹಾಗೇನೂ ಹೇಳಿರಲಿಲ್ಲ. ಆದರೆ ಒಂದು ಗಂಟೆಯೊಳಗೆ ಕೋಣೆ ಖಾಲಿಯಾಗುತ್ತಿತ್ತು, ಅನುಮಾನವೇ ಇಲ್ಲ. ಕಾಕಾ ಅದನ್ನು ಓದಿ, ಕನ್ನಡಕ ತೆಗೆದು, ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

"ನಾಳೆ ಇವ್ರಾಗ ಒಬ್ಬಾಕಿ ಮೆಟ್ಟಲಾ ಜಾರಿ ಬಿದ್ದು ಸತ್ಲಂತ ತಿಳಿ. ಆಕಿಗೆ ಮುಕ್ತಿ ಸಿಗಲಿಲ್ಲ ಅಂತ ಉಳದವ್ರು ಅಳ್ತಾರ. ಆ ಅಳು ಯಾರು ನಿಂದ್ರಸ್ತಾರ, ನೀನ?"

ನನಗೆ ನಾಚಿಕೆಯಾಯಿತು. ಕಾಕಾ ಮೊಣಕಾಲು ಹಿಡಿದುಕೊಂಡು ಮಹಡಿ ಹತ್ತಿ, ಅಜ್ಜಿಯರ ನಡುವೆ ಒಂದು ತಾಸು ಕೂತು ಅವರ ಮಾತು ಕೇಳಿ ಬಂದರು. ಆಮೇಲೆ ತಾವೇ ಬರೆದರು:

"ನೀವು ಸಾಯಲು ಬಂದವರು, ಅದು ನಿಮ್ಮ ಇಷ್ಟ. ಆದರೆ ತೊಲೆ ಬಿದ್ದರೆ ನಿಮ್ಮ ಕೋಣೆಯ ನೆಲವೂ ಕುಸಿಯುತ್ತದೆ, ಅದರ ಕೆಳಗೆ ಅಡುಗೆಮನೆ ಇದೆ. ಅಲ್ಲಿ ರೊಟ್ಟಿ ಮಾಡುವವಳು ದಿನಾ ಗಂಗೆಯಾಚೆಯ ರಾಮನಗರದಿಂದ ಬರುತ್ತಾಳೆ. ಇಬ್ಬರು ಮಕ್ಕಳ ತಾಯಿ. ಅವಳು ಸಾಯಲು ಬಂದಿಲ್ಲ. ಕೆಳಗಿನ ಕೋಣೆಯಿಂದ ಗಂಗೆ ಕಾಣುವುದಿಲ್ಲ, ಗೋಡೆ ಕಾಣುತ್ತದೆ. ಕೆಲಸಕ್ಕೆ ಎರಡು ತಿಂಗಳು ಬೇಕು, ಹೆಚ್ಚೂ ಆಗಬಹುದು. ಜಗಳಕ್ಕೆ ಬರುವವರು ಹತ್ತರ ಮೇಲೆ ಬನ್ನಿ."

"ಗೋಡೆ ಕಾಣುತ್ತದೆ ಅಂತ ಯಾಕೆ ಬರೀಬೇಕು ಕಾಕಾ?" ಎಂದೆ.

"ಅಲ್ಲಿಗೆ ಹ್ವಾದ ಮ್ಯಾಲ ಅವ್ರ ಕಣ್ಣಿಗೆ ಕಾಣಂಗಿಲ್ಲೇನು?"

ಮರುದಿನ ಹತ್ತು ಹೊಡೆಯುತ್ತಲೇ ಹಿರಿಯ ಅಜ್ಜಿ ಜಗಳಕ್ಕೆ ಬಂದಳು, ಕಂಕುಳಲ್ಲಿ ಗಂಟು. "ರೊಟ್ಟಿ ಮಾಡಾಕಿ ಸುದ್ದಿ ಮೊದಲ ಹೇಳಾಕ ನಿಮಗೇನು ಧಾಡಿ ಆಗಿತ್ತು?" ಮಧ್ಯಾಹ್ನದ ಊಟದ ಹೊತ್ತಿಗೆ ಏಳೂ ಹಾಸಿಗೆ ಕೆಳಗಿದ್ದವು. ಮಿಸ್ತ್ರಿ ಮೂರು ತಿಂಗಳು ಮಾಡಿದ. ಆ ಮೂರನೆಯ ತಿಂಗಳು ಪೂರ್ತಿ ಅಜ್ಜಿಯರು ಪಾಳಿಯ ಮೇಲೆ ಬಂದು ಕಾಕಾರನ್ನು ಬೈದರು. ಅವರು ತಲೆಯಾಡಿಸುತ್ತಾ ಬೈಸಿಕೊಂಡರು.

ಇಷ್ಟೆಲ್ಲ ಮಾಡಿ ಕಾಕಾ... ಮೂವತ್ತು ವರ್ಷ ಕಾಶಿಯಲ್ಲಿದ್ದವರು, ತಮ್ಮನ ಮಗಳ ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿ, ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ತೀರಿಕೊಂಡರು. ಸುದ್ದಿ ಬರೆದು ಅಂಟಿಸುವವನು ನಾನೇ. ಕಾಶಿಗೆ ಮರಳಿದ ಮೇಲೆ ತೀರಿಕೊಂಡರು ಎಂದು ಬರೆದಿದ್ದರೆ ಅಜ್ಜಿಯರ ಸಂಕಟ ಅರ್ಧ ಇಳಿಯುತ್ತಿತ್ತು. ಕೈ ಅತ್ತಲೇ ಎಳೆಯಿತು. ಕೊನೆಗೆ ಬರೆದದ್ದು: "ಕಾಕಾ ಊರಿನಲ್ಲಿ ತೀರಿಕೊಂಡರು. ಮುಕ್ತಿಯ ವಿಷಯ ನನಗೆ ಗೊತ್ತಿಲ್ಲ. ಜಗಳಕ್ಕೆ ಬರುವವರು ಹತ್ತರ ಮೇಲೆ ಬನ್ನಿ."

ಹತ್ತಕ್ಕೆ ಏಳು ಮಂದಿಯೂ ಬಂದರು. ಯಾರೂ ಜಗಳವಾಡಲಿಲ್ಲ. ಹಿರಿಯ ಅಜ್ಜಿ ಖಾಲಿ ಕುರ್ಚಿಯನ್ನೇ ನೋಡುತ್ತಾ, "ನಾವು ಇಲ್ಲಿ ಪಾಳಿ ಹಚ್ಚಿ ಕುಂತೀವಿ, ಅಂವಾ ನಡುವ ನುಗ್ಗಿ ಹ್ವಾದ ನೋಡು," ಎಂದಳು. ನಾನು ನಕ್ಕೆ, ಆಮೇಲೆ ಅತ್ತೆ.

ಆ ಅಜ್ಜಿಯರೂ ಒಬ್ಬೊಬ್ಬರಾಗಿ ಹೋದರು. ಈಗ ಮಠದ ಸೂಚನೆಗಳೆಲ್ಲ ವಾಟ್ಸಾಪ್‌ನಲ್ಲಿ. ಅಂಟು ಬೇಡ, ಖಾರದ ಪುಡಿ ಬೇಡ, ಮಂಗಗಳ ಕಾಟವಿಲ್ಲ. ಕೊನೆಯ ಸಾಲನ್ನು ಮಾತ್ರ ನಾನು ಬಿಟ್ಟಿಲ್ಲ. ಎಲ್ಲರೂ ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾರೆ. ಹತ್ತು ಹೊಡೆದಾಗ ಬಾಗಿಲ ಕಡೆ ನೋಡುತ್ತೇನೆ. ಯಾರೂ ಜಗಳಕ್ಕೆ ಬರುವುದಿಲ್ಲ.