ವಿಶ್ವಕಲೆಯ ಆಟದಲ್ಲೊಂದು ಎಮ್ಮೆ

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ತುರುವೇಕೆರೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಅಲ್ಲಿಯವರೆಗೆ ಪ್ರಪಂಚದ ಕಲೆಗೆ ನಾನು ಸಲ್ಲಿಸಿದ್ದ ಸೇವೆಯೆಂದರೆ ಬೋರ್ಡಿನ ಮೇಲೆ ಒಂದು ಹೂಜಿ, ಪಕ್ಕದಲ್ಲಿ ಎರಡು ಮಾವಿನಹಣ್ಣು ಬರೆಯುವುದು. ಗಣಿತದವರು ಪಾಠ ಮುಗಿದಿಲ್ಲ ಎಂದಾಗ ನನ್ನ ಪೀರಿಯಡ್ ಬಿಟ್ಟುಕೊಡುವುದು. ಇಷ್ಟು ಅರ್ಹತೆ ಸಾಕೆಂದು ಮುಖ್ಯೋಪಾಧ್ಯಾಯರಿಗೆ ಅನ್ನಿಸಿತು.

ಯಾರೋ ದಾನಿಗಳು ಶಾಲೆಗೆ ಟಚ್ ಸ್ಕ್ರೀನ್ ಯಂತ್ರವೊಂದನ್ನು ಕೊಟ್ಟಿದ್ದರು. ಒಳಗೆ ಏನು ಹಾಕಬೇಕೆಂದು ಮಾತ್ರ ಹೇಳಿರಲಿಲ್ಲ. ಅದು ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡು ಸುಮ್ಮನೆ ನಿಂತಿತ್ತು.

"ನೀವು ಆರ್ಟು, ನಿಮ್ಮ ಚಿಕ್ಕಪ್ಪನ ಮಗ ಕಂಪ್ಯೂಟರ್ರು. ಇಬ್ರೂ ಸೇರಿ ವಿಶ್ವಕಲೆ ಮೇಲೆ ಒಂದು ಆಟ ಮಾಡ್ಬುಡಿ ಮೇಡಂ" ಎಂದರು ಮುಖ್ಯೋಪಾಧ್ಯಾಯರು, ಎರಡು ಕಾಫಿ ತರಿಸಿಬುಡಿ ಎನ್ನುವಷ್ಟು ಸಲೀಸಾಗಿ.

ಚಿಕ್ಕಪ್ಪನ ಮಗನಾದ ಆ ತಮ್ಮ ತಿಪಟೂರಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಭಾನುವಾರಗಳಲ್ಲಿ ಕೂತು ಆಟ ಮಾಡಿದೆವು. ಪರದೆಯ ಮೇಲೆ ಒಂದು ಚಿತ್ರ, ಕೆಳಗೆ ಮೂರು ದೇಶಗಳ ಹೆಸರು. ಸರಿಯಾದುದನ್ನು ಮುಟ್ಟಿದರೆ ಒಂದು ಅಂಕ, ಜೊತೆಗೆ ಚಪ್ಪಾಳೆ. ತಪ್ಪಾದರೆ ಏನೆಂದು ನಾನು ಯೋಚಿಸುತ್ತಿದ್ದಾಗ ಅವನು ತೋಟದ ಕೊಟ್ಟಿಗೆಗೆ ಹೋಗಿ ಅವರ ಮನೆಯ ಎಮ್ಮೆಯ ಕೂಗನ್ನೇ ರೆಕಾರ್ಡ್ ಮಾಡಿಕೊಂಡು ಬಂದ.

"ತಪ್ಪು ಮಾಡ್ದೋರ್ಗೆ ನಾಚ್ಕೆ ಆಗ್ಬೇಕು ಕಣಕ್ಕ" ಎಂದ.

ಮುಖ್ಯೋಪಾಧ್ಯಾಯರು ಪರೀಕ್ಷೆಗೆ ಬಂದರು. ಈಜಿಪ್ಟಿನ ಗೋಡೆಚಿತ್ರ, ಆಫ್ರಿಕಾದ ಮುಖವಾಡ, ಎಲ್ಲಕ್ಕೂ ತಲೆಯಾಡಿಸಿದರು. ಗ್ರೀಸಿನ ಅಮೃತಶಿಲೆಯ ವೀರ ಬಂದೊಡನೆ ಕನ್ನಡಕ ತೆಗೆದರು.

"ಇದು ಮಕ್ಕಳು ನೋಡೋದೇನ್ರೀ? ಒಂದು ಪಂಚೆ ಉಡ್ಸಿ."

ಉಡಿಸಿದೆ. ಕೆಲಸ ಅಚ್ಚುಕಟ್ಟಾಗಿರಲೆಂದು ಹಸಿರು ಅಂಚನ್ನೂ ಬರೆದೆ. ಎರಡು ಸಾವಿರ ವರ್ಷ ಮೈಮರೆತು ನಿಂತಿದ್ದ ಆ ವೀರ, ಈಗ ತಿಪಟೂರಿನ ಮಂಡಿಗೆ ಕೊಬ್ಬರಿ ತಂದವನ ಹಾಗೆ ಕಾಣುತ್ತಿದ್ದ.

ಆಟ ಶುರುವಾಯಿತು. ಮಕ್ಕಳ ಸಾಲು ಜಗಲಿ ದಾಟಿ ಅಂಗಳಕ್ಕಿಳಿಯಿತು. ನಾನು ಹಿಗ್ಗಿಹೋದೆ. ಆದರೆ ಮೊದಮೊದಲು ಅಲ್ಲೊಂದು ಇಲ್ಲೊಂದು ಕೇಳುತ್ತಿದ್ದ ಚಪ್ಪಾಳೆ ಎರಡನೇ ವಾರಕ್ಕೆ ಪೂರ್ತಿ ನಿಂತುಹೋಯಿತು. ಬೆಳಗಿನಿಂದ ಸಂಜೆಯವರೆಗೂ ಎಮ್ಮೆಯೇ ಕೂಗಿತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಪಿರಮಿಡ್ಡಿನ ಚಿತ್ರಕ್ಕೆ ಜಪಾನನ್ನು ಒತ್ತಿದಾಗ ನನಗೆ ತಡೆಯಲಾಗಲಿಲ್ಲ.

"ಇಷ್ಟೂ ಗೊತ್ತಾಗಲ್ವೇನೇ?"

"ಈಜಿಪ್ಟು ಅಂತ ಗೊತ್ತು ಮಿಸ್. ಅದುನ್ನ ಒತ್ತುದ್ರೆ ಎಮ್ಮೆ ಕೂಗಲ್ವಲ್ಲ!"

ಉಳಿದವರನ್ನೂ ವಿಚಾರಿಸಿದೆ. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಒಮ್ಮೆಯೂ ಚಪ್ಪಾಳೆ ಬೀಳದಂತೆ ಆಡಬೇಕಾದರೆ ಸರಿ ಉತ್ತರ ಬಾಯಿಪಾಠವಾಗಿರಬೇಕು. ಹೂಜಿ, ಮಾವಿನಹಣ್ಣಿನಿಂದ ನಾನು ವರ್ಷಗಟ್ಟಲೆ ಕಲಿಸಲಾಗದ್ದನ್ನು ಎಮ್ಮೆ ಎರಡು ವಾರದಲ್ಲಿ ಕಲಿಸಿತ್ತು.

ಯಂತ್ರಕ್ಕೆ ಇದು ಹೇಗೆ ಗೊತ್ತಾಗಬೇಕು? ಅದು ಆ ವಾರ ಎಲ್ಲರಿಗೂ ಸೊನ್ನೆ ಕೊಟ್ಟಿತು. ದಾನಿಗಳಿಗೆ ಕಳಿಸಬೇಕಾದ ವರದಿ ಹಿಡಿದುಕೊಂಡು ಮುಖ್ಯೋಪಾಧ್ಯಾಯರು ನನ್ನ ಬಳಿ ಬಂದರು.

"ಸಾರ್, ಗೊತ್ತಿದ್ದೇ ತಪ್ಪು ಒತ್ತುತಾ ಇದಾರೆ" ಎಂದೆ.

"ಹಂಗಾದ್ರೆ ಇನ್ನೂ ಕೆಟ್ಟದ್ದು ಕಣ್ರೀ! ಮೊದ್ಲು ಆ ಎಮ್ಮೆ ತೆಗೀರಿ."

ಬೇಡ ಸಾರ್ ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ "ಆಗ್ಲಿ ಸಾರ್" ಎಂದೆ. ಅದು ನನಗೆ ಚೆನ್ನಾಗಿ ಅಭ್ಯಾಸವಿದ್ದ ಉತ್ತರ. ತಮ್ಮ ಗೊಣಗುತ್ತಲೇ ಎಮ್ಮೆಯನ್ನು ತೆಗೆದು, ಅದರ ಜಾಗಕ್ಕೆ ನನ್ನ ದನಿ ಹಾಕಿದ: "ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಮಾರನೆಯ ದಿನ ಆರೇಳು ಮಕ್ಕಳು ಬಂದು ನನ್ನ ದನಿ ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಆಮೇಲೆ ಯಾರೂ ಬರಲಿಲ್ಲ. ತಿಂಗಳ ಕೊನೆಗೆ ವರದಿ ಖಾಲಿ ಹೋಗಬಾರದೆಂದು ನಾನು ಮತ್ತು ಮುಖ್ಯೋಪಾಧ್ಯಾಯರೇ ಕೂತು ಮಕ್ಕಳ ಹೆಸರಿನಲ್ಲಿ ಆಡಿದೆವು. ಗ್ರೀಸಿನವನನ್ನು ಕಂಡು ಅವರು ಒಮ್ಮೆ ಭಾರತ ಒತ್ತಿದರು. ಪಂಚೆ ನೋಡಿ ಮೋಸ ಹೋದರಂತೆ. ಅದೊಂದು ಬಿಟ್ಟರೆ ಎಲ್ಲ ಸರಿ.

ಮಕ್ಕಳ ಪ್ರಗತಿ ಅದ್ಭುತವೆಂದು ದಾನಿಗಳಿಂದ ಕಾಗದ ಬಂತು. ಅದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಹೇಳಲಾಯಿತು. ಮಕ್ಕಳು ಶಿಸ್ತಿನಿಂದ ಚಪ್ಪಾಳೆ ತಟ್ಟಿದರು. ಆ ಎಂಟನೇ ಕ್ಲಾಸಿನವಳು ಮಾತ್ರ ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಬೇರೆ ಕಡೆ ತಿರುಗಿಕೊಂಡೆ.