ಹುಲ್ಲು ಒರೆಸಿದ ಕರ್ಚೀಫು

ನಮ್ಮ ಯಜಮಾನರು ಆಪರೇಷನ್ ಥಿಯೇಟರುಗಳಲ್ಲಿ ಅನಸ್ತೀಸಿಯಾ ಕೊಟ್ಟೇ ಆಯುಷ್ಯ ಕಳೆದವರು. ಅಷ್ಟು ವರ್ಷ ಜನರ ಎಚ್ಚರ ತಪ್ಪಿಸಿದ್ದಕ್ಕೋ ಏನೋ, ರಿಟೈರ್ ಆದ ಮೇಲೆ ಅವರಿಗೆ ಎಲ್ಲರನ್ನೂ ಎಚ್ಚರವಾಗಿಡುವ ಹುಮ್ಮಸ್ಸು ಬಂತು. ಅಮೆರಿಕದಲ್ಲಿ, ಡಲ್ಲಾಸ್ ಪಕ್ಕದ ಮರ್ಫಿಯಲ್ಲಿ ನಾವಿದ್ದ ಬಡಾವಣೆಯ ಮನೆ ಮಾಲೀಕರ ಸಂಘಕ್ಕೆ ಸೆಕ್ರೆಟರಿಯಾದರು. ಯಾರ ಬೇಲಿಯ ಹಲಗೆ ಬಾಗಿದೆ, ಯಾರ ಕಸದ ಡಬ್ಬಿ ಲಾರಿ ಹೋದ ಮೇಲೂ ರಸ್ತೆಯಲ್ಲೇ ನಿಂತಿದೆ ಎಂದು ವಾಕಿಂಗ್ ಹೋದಾಗ ನೋಡಿ ಬರುವುದು, ನನ್ನ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಅವರಿಗೆಲ್ಲ ಕಾಗದ ಬರೆಯುವುದು. ಕಾಗದದ ಇಂಗ್ಲಿಷ್ ತಿದ್ದುತ್ತಿದ್ದವಳು ನಾನು. ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಅಷ್ಟಾದರೂ ಪ್ರಯೋಜನ ಬೇಡವೇ?

ಆ ವರ್ಷ ಟೆಕ್ಸಸ್‌ಗೆ ಬರ ಬಂತು. ಹುಲ್ಲಿಗೆ ವಾರಕ್ಕೊಂದೇ ದಿನ ನೀರು ಬಿಡಿ ಎಂದು ಊರಿನ ಆಫೀಸಿನಿಂದ ಕಾಗದ ಬಂತು. ಹುಲ್ಲು ಒಣಗಲು ಬಿಟ್ಟರೆ ನೋಟಿಸು ಎಂದು ಸಂಘದಿಂದ ಕಾಗದ ಬಂತು. ಎರಡೂ ಒಂದೇ ದಿನದ ಟಪಾಲಿನಲ್ಲಿ. ಎರಡನೆಯದು ನಮ್ಮ ಮನೆಗೂ ಬಂದಿತ್ತು. ಅವರೇ ಬರೆದು, ಅವರೇ ಪೋಸ್ಟ್ ಮಾಡಿ, ಅವರೇ ಲಕೋಟೆ ಹರಿದು ಓದಿ, ಗಾಬರಿಯಾದರು.

"ಲೇ, ನಮ್ಮ ಲಾನೂ ಕಂದು ಬಣ್ಣಕ್ಕೆ ತಿರುಗಿದೆಯಲ್ಲೇ! ಸೆಕ್ರೆಟರಿ ಮನೆಗೇ ನೋಟಿಸ್ ಅಂದ್ರೆ ಮಾನ ಉಳಿಯುತ್ತಾ?"

"ನೀವು ಬರೆದಿದ್ದು ತಾನೇ? ಹರಿದು ಹಾಕಿ."

"ರೂಲ್ ಈಸ್ ರೂಲ್" ಎಂದರು.

ಎರಡು ದಿನ ಬಿಟ್ಟು ಗಿಡಗಳ ಅಂಗಡಿಯಿಂದ ಒಂದು ಡಬ್ಬಿ ತಂದರು. ಹುಲ್ಲಿಗೆ ಹೊಡೆಯುವ ಹಸಿರು ಬಣ್ಣ. ಗಾಲ್ಫ್ ಮೈದಾನದವರೂ ಅದನ್ನೇ ಹೊಡೆಯುತ್ತಾರಂತೆ. ಭಾನುವಾರ ಬೆಳಿಗ್ಗೆ ನೆರೆಹೊರೆಯವರೆಲ್ಲ ಚರ್ಚಿಗೆ ಹೊರಟ ಮೇಲೆ, ಥಿಯೇಟರಿನ ಹಳೆಯ ಗೌನು, ಟೋಪಿ, ಮಾಸ್ಕು ಹಾಕಿಕೊಂಡು, ಪಂಪು ಹೆಗಲಿಗೇರಿಸಿ, ನಮ್ಮ ಅಂಗಳಕ್ಕೆ ಒಂದು ಗಂಟೆ ಬಣ್ಣ ಹೊಡೆದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹುಲ್ಲಿಗೆ ಎಚ್ಚರ ತಪ್ಪಿಸುತ್ತಿದ್ದಾರೇನೋ ಅನ್ನಿಸುತ್ತಿತ್ತು. ಉಳಿದ ಡಬ್ಬಿಯನ್ನು ಗ್ಯಾರೇಜಿನಲ್ಲಿ ಸೋನಾ ಮಸೂರಿ ಮೂಟೆಯ ಹಿಂದೆ ಬಚ್ಚಿಟ್ಟರು.

"ಇದು ನಿನಗೆ, ನನಗೆ, ದೇವರಿಗೆ ಮಾತ್ರ ಗೊತ್ತಿರಬೇಕು" ಎಂದರು. ದೇವರ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯ ಗುಟ್ಟು ಹೊರಗೆ ಹೋಯಿತೋ, ನಮ್ಮವರು ಕೂಗಾಡುವುದಿಲ್ಲ, ಮಾತು ಬಿಡುತ್ತಾರೆ. ಇವರು ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದ ಸುದ್ದಿಯನ್ನು ಸ್ವಂತ ಅಣ್ಣ ಒಂದು ಮದುವೆ ಮನೆಯಲ್ಲಿ ಆಡಿದ್ದಕ್ಕೆ ಹನ್ನೊಂದು ವರ್ಷ ಅವರೊಂದಿಗೆ ಮಾತು ಬಿಟ್ಟಿದ್ದರು. ಕೊನೆಗೆ ಮನಸ್ಸು ಕರಗಿ ಮೈಸೂರಿಗೆ ಹೋಗಿ ಎದುರಿಗೆ ಕೂತು ಮಾತಾಡಿದರೆ, ಅಣ್ಣನಿಗೆ ಕಿವಿ ಪೂರ್ತಿ ಹೋಗಿತ್ತು. ಬರಿದೇ ನಗುತ್ತಾ ಕೂತಿದ್ದರು, ಪಾಪ.

ಸರಿ, ತಿಂಗಳಿಗೊಮ್ಮೆ ಬೀದಿಗೊಂದು ಚೆಂದದ ಅಂಗಳಕ್ಕೆ ಕೊಡುವ 'ಯಾರ್ಡ್ ಆಫ್ ದಿ ಮಂತ್' ಬಹುಮಾನ ನಮ್ಮ ಲಾನಿಗೆ ಬಂತು. ಸಂಘದವರು ಅಂಗಳದಲ್ಲಿ ಒಂದು ಬೋರ್ಡು ನೆಟ್ಟು ಹೋದರು. ಜಡ್ಜುಗಳು ಮೂವರೂ ಆ ಬಿಸಿಲಿಗೆ ಹೆದರಿ ಏಸಿ ಕಾರಿನ ಕಿಟಕಿಯನ್ನೂ ಇಳಿಸದೆ ಹುಲ್ಲು ನೋಡುತ್ತಿದ್ದರು. ಮುಂದಿನ ತಿಂಗಳೂ ನಮಗೇ. ಬೀದಿಯವರು ಪಿಸುಗುಟ್ಟತೊಡಗಿದರು: ಸೆಕ್ರೆಟರಿ ಕದ್ದು ನೀರು ಬಿಡುತ್ತಾನೆ. ಎದುರುಮನೆಯಾಕೆ, ಕ್ರಿಸ್‌ಮಸ್ಸಿಗೆ ನಮಗೆ ತಪ್ಪದೆ ಕುಕೀಸ್ ತಂದುಕೊಡುತ್ತಿದ್ದವಳು, ನನ್ನನ್ನು ಕಂಡು ಬಾಗಿಲು ಹಾಕಿಕೊಂಡಳು.

ಆಮೇಲೆ ಆ ಹುಡುಗಿ ಬಂದಳು. ನಮ್ಮ ಕಡೆಯ ಐದಾರು ಊರುಗಳಿಗೆ ಸೇರಿ ವಾರಕ್ಕೊಮ್ಮೆ ಒಂದು ಚಿಕ್ಕ ಪೇಪರು ಬರುತ್ತಿತ್ತು. ಕಳೆದುಹೋದ ನಾಯಿಗಳು, ಹೈಸ್ಕೂಲಿನ ಫುಟ್‌ಬಾಲು, ಇಷ್ಟೇ ಅದರ ಪ್ರಪಂಚ. ಅದಕ್ಕೆ ಒಬ್ಬ ಎಡಿಟರು, ಒಬ್ಬಳೇ ರಿಪೋರ್ಟರು. ಇಪ್ಪತ್ತೈದರ ಆಸುಪಾಸಿನ ಈ ಅಮೆರಿಕನ್ ಹುಡುಗಿಯೇ ಆ ರಿಪೋರ್ಟರು. ನಮ್ಮವರು ಲೈಬ್ರರಿಗೆ ಹೋಗಿದ್ದರು. ಕಾಫಿ ಕೊಟ್ಟೆ, ಚಕ್ಕುಲಿ ಕೊಟ್ಟೆ.

"ಮ್ಯಾಮ್, ನಿಮ್ಮ ಹಸ್ಬೆಂಡ್ ನೀರು ಕದಿಯುತ್ತಾರೆ ಅಂತ ಒಂಬತ್ತು ಜನ ಹೇಳಿದಾರೆ" ಎಂದಳು ಇಂಗ್ಲಿಷಿನಲ್ಲಿ, ಚಕ್ಕುಲಿ ಕಡಿಯುತ್ತಾ.

"ಮೈ ಹಸ್ಬೆಂಡ್ ಈಸ್ ನಾಟ್ ಎ ಥೀಫ್" ಎಂದೆ.

"ಹಾಗಾದ್ರೆ ಆ ಹುಲ್ಲು ಹೇಗೆ ಅಷ್ಟು ಹಸಿರು?"

ಅರ್ಧ ಸತ್ಯ ಪೂರ್ತಿ ಸುಳ್ಳು ಎಂದು ನಮ್ಮ ನೀಡಲ್‌ವರ್ಕ್ ಸಿಸ್ಟರ್ ಮೈಸೂರಿನಲ್ಲಿ ಮರದ ಸ್ಕೇಲಿನಿಂದ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಅರವತ್ತು ವರ್ಷವಾದರೂ ಗೆಣ್ಣು ಮರೆತಿರಲಿಲ್ಲ. ಅವರು ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ಪೆದ್ದ ಅನ್ನಿಸಿಕೊಳ್ಳುವುದು ವಾಸಿ ಎಂದು ಆ ಕ್ಷಣ ನನಗೆ ಕಂಡಿತು. "ನನ್ನ ಹೆಸರು ಎಲ್ಲೂ ಬರಬಾರದು" ಎಂದು ಮೊದಲು ಮಾತು ತೆಗೆದುಕೊಂಡೆ. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಕರ್ಚೀಫನ್ನು ನಲ್ಲಿಯಲ್ಲಿ ಒದ್ದೆ ಮಾಡಿ ಅವಳ ಕೈಗಿಟ್ಟೆ. "ಹೋಗಿ ಹುಲ್ಲು ಒರೆಸಿ ನೋಡು."

ಒರೆಸಿದಳು. ಕರ್ಚೀಫು ಗಿಳಿಯ ಹಸಿರಾಯಿತು. ಹುಡುಗಿ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಮ್ಯಾಮ್, ಇದನ್ನು ನಾನು ಇಟ್ಟುಕೊಳ್ಳಬಹುದೇ?" ಎಂದಳು. ನಾನು ಹೂಂ ಎಂದೆ. ಯಾಕೆಂದು ಕೇಳಲೇ ಇಲ್ಲ.

ಕೇಳಬೇಕಿತ್ತು. ಅವಳು ಅದೇ ಕರ್ಚೀಫು ಹಿಡಿದುಕೊಂಡು ಬಹುಮಾನ ಬಂದ ಬಾಕಿ ಲಾನುಗಳನ್ನೂ ಒರೆಸಿ ಬಂದಳಂತೆ. ಒಟ್ಟು ಆರರಲ್ಲಿ ಐದು ಬಣ್ಣ. ಆರನೆಯದರಿಂದ ಏನೂ ಹತ್ತಲಿಲ್ಲ, ಏಕೆಂದರೆ ಅದು ಪ್ಲಾಸ್ಟಿಕ್. ಎರಡು ವಾರದ ನಂತರ ಪೇಪರಿನ ಮೊದಲನೇ ಪುಟದಲ್ಲಿ ಬಂತು: ಬಣ್ಣ ಹೊಡೆದವರಿಗೆ ಬಹುಮಾನ, ನೀರಿನ ರೂಲು ಪಾಲಿಸಿ ಹುಲ್ಲು ಒಣಗಿಸಿಕೊಂಡವರಿಗೆ ನೋಟಿಸು. ಬೋರ್ಡಿನ ಪಕ್ಕ ನಿಂತ ನಮ್ಮವರ ಫೋಟೋ, ಅದರ ಕೆಳಗೆ ಉಗುರಿನಷ್ಟು ಕರ್ಚೀಫಿನ ಫೋಟೋ, ಕಪ್ಪು ಬಿಳುಪಿನಲ್ಲಿ. ಇವರು ನೀರು ಕದ್ದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಳು. ನಮ್ಮವರ ಕಣ್ಣಿಗೆ ಆ ಸಾಲು ಬೀಳಲಿಲ್ಲ.

ಸಂಘ ನೋಟಿಸುಗಳನ್ನೆಲ್ಲ ವಾಪಸು ಪಡೆಯಿತು. ಎದುರುಮನೆಯಾಕೆ ಕುಕೀಸ್ ತಂದಳು. ನಮ್ಮವರು ರಾಜೀನಾಮೆ ಕೊಟ್ಟರು. ಅದರ ಇಂಗ್ಲಿಷನ್ನೂ ನಾನೇ ತಿದ್ದಿದೆ.

"ಒದ್ದೆ ಬಟ್ಟೆ ತಗೊಂಡು ಉಜ್ಜು ಅಂತ ಆ ಹುಡುಗಿಗೆ ಹೊಳೆಯೋದು ಸಾಧ್ಯವೇ ಇಲ್ಲ. ಯಾರೋ ಹೇಳಿಕೊಟ್ಟಿದಾರೆ. ಯಾರು ಅಂತ ಗೊತ್ತಾಗಲಿ, ಇದೇ ಕೊನೆ, ಅವರ ಹತ್ತಿರ ಜನ್ಮದಲ್ಲಿ ಮಾತಾಡಲ್ಲ" ಎಂದರು. ನಾನು ಅವರಿಗೆ ಇನ್ನೊಂದು ದೋಸೆ ಹಾಕಿದೆ.

ಇನ್ನು ನೆಮ್ಮದಿಯಾಗಿರೋಣ ಎನ್ನುವಷ್ಟರಲ್ಲಿ, ಮುಂದಿನ ವರ್ಷ, ಆ ವರದಿಗೆ ಪ್ರಶಸ್ತಿ ಬಂತು. ಸಣ್ಣ ಊರಿನ ಪೇಪರುಗಳು ಬಚ್ಚಿಟ್ಟ ಸಂಗತಿ ಬಯಲಿಗೆಳೆದರೆ ಕೊಡುವ ಪ್ರಶಸ್ತಿಯಂತೆ. ಹ್ಯೂಸ್ಟನ್ನಿನ ಒಂದು ಹೋಟೆಲಿನಲ್ಲಿ ಊಟದ ಜೊತೆ ಸಮಾರಂಭ. ಹುಡುಗಿ ಫೋನ್ ಮಾಡಿ, ನಿಮ್ಮ ಹಸ್ಬೆಂಡ್ ಫೋಟೋ ತೆರೆಯ ಮೇಲೆ ತೋರಿಸುತ್ತಾರೆ, ಮೊದಲೇ ಹೇಳಬೇಕು ಅನ್ನಿಸಿತು ಎಂದಳು. ಬಹಳ ಮರ್ಯಾದೆಯ ಹುಡುಗಿ. ನಮ್ಮವರು ಫೋನ್ ಕಸಿದುಕೊಂಡು "ವಿ ವಿಲ್ ಕಮ್" ಎಂದುಬಿಟ್ಟರು.

ಆಸ್ಟಿನ್ನಿನಲ್ಲಿ ಅವರ ಸ್ನೇಹಿತರೊಬ್ಬರಿದ್ದರು, ಹುಬ್ಬಳ್ಳಿಯ ಕಡೆಯ ರಿಟೈರ್ಡ್ ಎಂಜಿನಿಯರ್. ಕನ್ನಡ ಸಂಘದಲ್ಲಿ ಯಾರಿಗೆ ಸನ್ಮಾನವಾದರೂ ಪೇಟ ತೊಡಿಸುವ ಜವಾಬ್ದಾರಿ ಅವರದು. ಕಾರಿನ ಡಿಕ್ಕಿಯಲ್ಲಿ ಸದಾ ನಾಲ್ಕು ಮೈಸೂರು ಪೇಟ. ವಿಷಯ ಕೇಳಿ ಸ್ಪೀಕರ್ ಫೋನಿನಲ್ಲಿ ಕೂಗಿದರು: "ಡಾಕ್ಟ್ರ, ಅಭಿನಂದನೆ! ನಿಮ್ಮ ಹುಲ್ಲಿಗೆ ಪ್ರಶಸ್ತಿ ಬಂದದಂತಲ್ರಿ!"

"ನನ್ನ ಹುಲ್ಲಿಗಲ್ಲಯ್ಯಾ, ನನ್ನ ಮಾನ ಕಳೆದವಳಿಗೆ. ಯಾರು ಹೇಳಿದ್ದು ಅಂತ ಎದುರಿಗೇ ಕೇಳ್ತೀನಿ."

"ಹಂಗ ಕೇಳಿದ್ರ ಹೇಳ್ತಾಳೇನ್ರಿ? ಮೊದಲ ಸನ್ಮಾನ ಮಾಡ್ರಿ. ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟ ಮ್ಯಾಲೆ ಕೇಳ್ರಿ. ತಲಿ ಮ್ಯಾಲೆ ಪೇಟ ಕೂತ ಮನಷ್ಯಾ ಯಾವುದಕ್ಕೂ ಒಲ್ಲೆ ಅಂದಿದ್ದು ನಾ ಇವತ್ತಿನ ತನಕ ನೋಡಿಲ್ಲ."

ನಮ್ಮವರಿಗೆ ಇದು ವೈಜ್ಞಾನಿಕವಾಗಿ ಕಂಡಿತು. ಇದೂ ಒಂದು ಬಗೆಯ ಅನಸ್ತೀಸಿಯಾ ತಾನೇ?

ಹ್ಯೂಸ್ಟನ್ನಿಗೆ ಹೋದವರು ಮೊದಲು ಇಂಡಿಯನ್ ಅಂಗಡಿಗಳ ಬೀದಿ ಹಿಲ್‌ಕ್ರಾಫ್ಟಿನಲ್ಲಿ ಇಳಿದೆವು. ಆಸ್ಟಿನ್ನಿನವರು ಬಂದು ಕಾಯುತ್ತಿದ್ದರು. ಸೀರೆ ಅಂಗಡಿಯಲ್ಲಿ ಜರಿಯಂಚಿನ ಶಾಲು ತೆಗೆದುಕೊಂಡೆವು. "ಶಾದಿ ಹೈ ಕ್ಯಾ?" ಎಂದ ಅಂಗಡಿಯವನು. "ನಹೀ ಭಾಯಿ, ಇನ್ವೆಸ್ಟಿಗೇಶನ್ ಹೈ" ಎಂದರು ಆಸ್ಟಿನ್ನಿನವರು. ಅವನು ರಸೀದಿ ಕೊಡುವಾಗ ನಮ್ಮ ಮುಖ ನೋಡಲಿಲ್ಲ. "ವೈನಿ, ನೀವ್ಯಾಕ ಸಪ್ಪಗಿದ್ದೀರಿ?" ಎಂದು ಆಸ್ಟಿನ್ನಿನವರು ಕೇಳಿದರೆ ಅಸಿಡಿಟಿ ಎಂದೆ. ಸಿಸ್ಟರ್ ಕ್ಷಮಿಸಲಿ.

ಬೇಯಿಸಿದ ಕೋಸುಗಡ್ಡೆ ತಿನ್ನುತ್ತಾ ಹೋಟೆಲಿನ ಸಭಾಂಗಣದಲ್ಲಿ ಕೂತಿದ್ದೆವು. ಹುಡುಗಿಯ ಸರದಿ ಬಂತು. ಮೊದಲು ತೆರೆಯ ಮೇಲೆ ನಮ್ಮವರು ಬಂದರು. ಆಸ್ಟಿನ್ನಿನವರು ಒಬ್ಬರೇ ಚಪ್ಪಾಳೆ ಹೊಡೆದರು. ಆಮೇಲೆ ಕರ್ಚೀಫು ಬಂತು.

ಪೇಪರಿನಲ್ಲಿ ಉಗುರಿನಷ್ಟಿದ್ದದ್ದು ಅಲ್ಲಿ ಗೋಡೆಯಷ್ಟಿತ್ತು, ಬಣ್ಣದಲ್ಲಿ. ನಡುವೆ ಹಸಿರು ಕಲೆ. ಮೂಲೆಯಲ್ಲಿ ನೀಲಿ ದಾರದ ಲೇಜಿ ಡೇಸಿ ಕಸೂತಿಯ ಹೂವು, ಐದು ಎಸಳಿರಬೇಕಾದಲ್ಲಿ ನಾಲ್ಕೇ. ಕಾನ್ವೆಂಟಿನಲ್ಲಿ ಐದನೆಯ ಎಸಳು ಹಾಕುವ ಮೊದಲು ಗಂಟೆ ಹೊಡೆದಿತ್ತು. ಅಂದಿನಿಂದ ನಾನು ಹಾಕಿದ ಹೂವುಗಳಿಗೆಲ್ಲ ನಾಲ್ಕೇ ಎಸಳು. ನಮ್ಮವರ ಜೇಬಿನಲ್ಲಿ ಮದುವೆಯಾದಾಗಿನಿಂದ ಅದೇ ಹೂವಿನ ಕರ್ಚೀಫುಗಳು. ಆ ದಿನವೂ ಒಂದಿತ್ತು.

ನಾನು ತಟ್ಟೆ ನೋಡುತ್ತಾ ಕೂತೆ. ಪಕ್ಕದಲ್ಲಿ ಅವರು ಕನ್ನಡಕ ತೆಗೆದರು, ಜೇಬಿಗೆ ಕೈ ಹಾಕಿದರು, ಏನನ್ನೂ ಹೊರಗೆ ತೆಗೆಯದೆ ಕೈಯನ್ನು ಹಾಗೇ ಇಟ್ಟುಕೊಂಡರು, ಕನ್ನಡಕ ಮತ್ತೆ ಹಾಕಿಕೊಂಡರು. ಮುಗಿಯಿತು, ಇನ್ನು ಹನ್ನೊಂದು ವರ್ಷ ಮಾತಿಲ್ಲ, ಅಂದುಕೊಂಡೆ. ಲೆಕ್ಕ ಹಾಕಿದರೆ ಅಷ್ಟು ವರ್ಷ ನಮ್ಮಿಬ್ಬರಿಗೂ ಉಳಿದಿರಲಿಲ್ಲ.

"ಏಳ್ರಿ ಡಾಕ್ಟ್ರ!" ಎಂದು ಆಸ್ಟಿನ್ನಿನವರು ಅವರ ರಟ್ಟೆ ಹಿಡಿದು ಎಬ್ಬಿಸಿದರು. ಇಬ್ಬರೂ ಬುಟ್ಟಿ ಹೊತ್ತು ವೇದಿಕೆ ಹತ್ತಿದರು. ಇದೂ ಕಾರ್ಯಕ್ರಮದಲ್ಲಿ ಇರಬೇಕೆಂದು ಯಾರೂ ತಡೆಯಲಿಲ್ಲ. ಶಾಲು ಹೊದಿಸಿದರು. ಪೇಟ ಅವಳ ಮೂಗಿನವರೆಗೆ ಇಳಿಯಿತು. ಅನಾನಸ್ಸೊಂದು ಬುಟ್ಟಿಯಿಂದ ಉರುಳಿ ಮೈಕಿನ ಬುಡಕ್ಕೆ ಹೋಯಿತು. "ಸರ್, ತಾವು ಯಾರು?" ಎಂದು ನಿರೂಪಕ ಕೇಳಿದ.

"ಐ ಆಮ್ ದಿ ಗ್ರಾಸ್" ಎಂದರು ನಮ್ಮವರು.

ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆ ಗದ್ದಲದಲ್ಲೂ ಮೈಕು ಆಸ್ಟಿನ್ನಿನವರ ಪಿಸುಮಾತು ಹಿಡಿಯಿತು: "ಕೇಳ್ರಿ, ಈಗ ಕೇಳ್ರಿ, ಪೇಟ ಕೂತದ!"

ಹುಡುಗಿಯೂ ಅವರು ಕೇಳುವುದನ್ನೇ ಕಾಯುತ್ತಿದ್ದಳು ಎಂದು ಕಾಣುತ್ತದೆ. ಪೇಟ ಮೇಲಕ್ಕೆತ್ತಿ, ನೆಟ್ಟಗೆ ನಿಂತು, "ಸರ್, ಆ ಹೆಸರು ನಾನು ಹೇಳುವುದಿಲ್ಲ" ಎಂದಳು.

"ಡೋಂಟ್" ಎಂದರು ನಮ್ಮವರು. "ದಯವಿಟ್ಟು ಯಾವತ್ತೂ ಹೇಳಬೇಡ. ಹೇಳಿದರೆ ನಾನು ಆ ಮನುಷ್ಯರ ಹತ್ತಿರ ಮಾತು ಬಿಡಬೇಕಾಗುತ್ತದೆ. ಈ ವಯಸ್ಸಿನಲ್ಲಿ ನನ್ನ ಮಾತು ಕೇಳುವವರು ಹೆಚ್ಚು ಜನ ಇಲ್ಲ."

ಅಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದರು, ಒಂದು ತಪ್ಪೂ ಇಲ್ಲದೆ. ಆಸ್ಟಿನ್ನಿನವರು ಕಕ್ಕಾಬಿಕ್ಕಿಯಾಗಿ ಅನಾನಸ್ ಎತ್ತಿಕೊಂಡು ಕೆಳಗಿಳಿದರು.

ಹ್ಯೂಸ್ಟನ್ನಿನಿಂದ ಮರ್ಫಿಗೆ ನಾಲ್ಕು ಗಂಟೆಗೂ ಮಿಕ್ಕಿದ ದಾರಿ. ಅವರು ಬಾಯಿ ಮುಚ್ಚಲಿಲ್ಲ. ಕೋಸುಗಡ್ಡೆ ಬೆಂದಿರಲಿಲ್ಲ ಎಂದರು, ಪೇಟದ ಅಳತೆ ಸರಿಯಿಲ್ಲ ಎಂದರು, ಮುಂದಿನ ಸಲ ಪ್ಲಾಸ್ಟಿಕ್ ಹುಲ್ಲೇ ಹಾಕಿಸೋಣ ಎಂದರು. ನಾನು ಹೂಂ, ಹೂಂ ಎನ್ನುತ್ತಿದ್ದೆ. ಡಲ್ಲಾಸಿನ ಎತ್ತರದ ಕಟ್ಟಡಗಳು ಕಾಣತೊಡಗಿದಾಗ ಲೇನ್ ಬದಲಿಸುತ್ತಾ, ಕನ್ನಡಿಯತ್ತ ನೋಡುತ್ತಾ, "ಲೇ, ಆ ಹೂವಿಗೆ ಐದನೇ ಎಸಳು ಹಾಕೋ ಅಭ್ಯಾಸ ಮಾಡ್ಕೋ. ಅಷ್ಟು ದೊಡ್ಡದಾಗಿ ತೋರಿಸಿದಾಗ ಚೆನ್ನಾಗಿ ಕಾಣಲ್ಲ" ಎಂದರು.

ನಾನು ಸೊಂಟದ ಕರ್ಚೀಫು ತೆಗೆದು ಎಸಳು ಎಣಿಸುವಷ್ಟರಲ್ಲಿ ಅವರು ಮತ್ತೆ ಕೋಸುಗಡ್ಡೆಗೆ ಹೋಗಿದ್ದರು.