ಅವ್ವ ಹೇಳಿದ ನನ್ನ ಇಚ್ಛೆ

ನನ್ನ ಮಾತು ತೊದಲು, ಬುದ್ಧಿ ತೊದಲಲ್ಲ. ಇದನ್ನು ಹೇಳಿ ಹೇಳಿ ಬೇಸತ್ತು ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತೇನೆ. ಹದಿನೆಂಟು ತುಂಬಿದಾಗ ಬೆರಳಿಗೆ ಅಷ್ಟು ರೂಢಿ ಇರಲಿಲ್ಲ. ನನ್ನ ಮಾತು ಪೂರ್ತಿ ತಿಳಿಯುತ್ತಿದ್ದುದು ಅವ್ವನೊಬ್ಬಳಿಗೇ.

ಪುಣೆಯ ನಿಗಡಿಯಲ್ಲಿದ್ದ ನಮ್ಮ ವಿಶೇಷ ಶಾಲೆಯಲ್ಲಿ ಕೊನೆಯ ವರ್ಷದವರಿಗೆ ಒಂದು ಸಭೆ ಇರುತ್ತಿತ್ತು. ಶಾಲೆ ಮುಗಿದ ಮೇಲೆ ಮುಂದೇನು ಎಂದು ವಿದ್ಯಾರ್ಥಿಯನ್ನೇ ಕೇಳಿ ಬರೆದುಕೊಳ್ಳಬೇಕು, ಅದು ನಿಯಮ. ಫಾರ್ಮಿನಲ್ಲಿ 'ವಿದ್ಯಾರ್ಥಿಯ ಇಚ್ಛೆ' ಎಂದು ದೊಡ್ಡ ಚೌಕವೇ ಇತ್ತು. ಊರಿನ ಇನ್ನೊಂದು ಕಡೆ, ಕ್ಯಾಂಪ್ ಎಂಬ ಭಾಗದಲ್ಲಿ, ನಮ್ಮಂಥವರಿಗೆ ಕಂಪ್ಯೂಟರ್ ಕಲಿಸುವ ಕೇಂದ್ರವೊಂದಿತ್ತು, ಹುಡುಗಿಯರಿಗೆ ಹಾಸ್ಟೆಲ್ಲೂ ಇತ್ತು. ನನಗೆ ಬೇಕಾದದ್ದು ಅಷ್ಟೇ. ನಮ್ಮ ಮನೆಮಾತು ಕನ್ನಡ, ಶಾಲೆಯದು ಮರಾಠಿ; ಅದನ್ನು ಮರಾಠಿಯಲ್ಲಿ ಹೇಳಲು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒಂದು ತಿಂಗಳು ಅಭ್ಯಾಸ ಮಾಡಿದ್ದೆ.

ಸಭೆಯಲ್ಲಿ ಶಿಕ್ಷಕಿ ಕೇಳಿದಾಗ ಗಾಬರಿಯಲ್ಲಿ ಕನ್ನಡವೇ ಹೊರಬಿತ್ತು. "ನಾ ಕ್ಯಾಂಪಿನ ಹಾಸ್ಟೆಲ್‌ನ್ಯಾಗ ಇರತೇನಿ. ಕಂಪ್ಯೂಟರ್ ಕಲೀತೇನಿ."

ಶಿಕ್ಷಕಿ ಅವ್ವನ ಮುಖ ನೋಡಿದರು. ನಮ್ಮ ಶಾಲೆಯಲ್ಲಿ ಅದೇ ಪದ್ಧತಿ, ಮಕ್ಕಳ ಮಾತನ್ನು ತಾಯಂದಿರೇ ದಾಟಿಸಬೇಕು. ಅವ್ವ ನನ್ನ ಓಢಣಿ ಸರಿಮಾಡುತ್ತಾ ಚೊಕ್ಕ ಮರಾಠಿಯಲ್ಲಿ ಹೇಳಿದಳು: "ಮನೆಯಲ್ಲೇ ಇರುತ್ತಾಳಂತೆ, ನನ್ನ ಜೊತೆ ಕೂತು ಹೂಬತ್ತಿ ಹೊಸೆಯುತ್ತಾಳಂತೆ."

ಹೂಬತ್ತಿಯಂತೆ, ನನ್ನ ಮಣ್ಣು! ಈ ಕೈಯಲ್ಲಿ ಚಮಚವೇ ನಿಲ್ಲುವುದಿಲ್ಲ. "ಛಾನ್, ಛಾನ್" ಎಂದು ಮೆಚ್ಚಿಕೊಂಡು ಶಿಕ್ಷಕಿ ಬರೆಯತೊಡಗಿದರು. ನಾನು "ನಾಹಿ" ಎಂದೆ. ಮೂರು ಸಲ ಎಂದೆ. ಪುಣೆಯಲ್ಲಿ ಆ ಶಬ್ದಕ್ಕೆ ಯಾರ ಅನುವಾದವೂ ಬೇಕಿಲ್ಲ. ಶಿಕ್ಷಕಿಯ ಪೆನ್ನು ನಿಂತಿತು, ಆದರೆ ಅವರು ನೋಡಿದ್ದು ಮತ್ತೆ ಅವ್ವನ ಕಡೆಗೇ. "ದಣಿದಾಳ್ರಿ," ಎಂದಳು ಅವ್ವ, ಗಡಿಬಿಡಿಗೆ ಅವಳಿಗೂ ಕನ್ನಡವೇ ಬಂತು. ಆಮೇಲೆ ನನ್ನ ಹೆಬ್ಬೆರಳು ಹಿಡಿದು ತಾನೇ ಫಾರ್ಮಿಗೆ ಒತ್ತಿದಳು.

ರಿಕ್ಷಾದಲ್ಲಿ ಅವ್ವ ಅತ್ತಳು. "ಅಲ್ಲೆ ನಿನಗ ಯಾರು ಉಣಸ್ತಾರ? ಬಿದ್ದರ ಯಾರು ಎತ್ತತಾರ?"

ಎಲ್ಲರೂ ತಾಯಿಯ ಕರುಳು ಅನ್ನುತ್ತಾರೆ. ಇರಬಹುದು. ನನಗೆ ಅಂದು ಕನಿಕರ ಬರಲಿಲ್ಲ, ಇಂದಿಗೂ ಬಂದಿಲ್ಲ. "ಬಿದ್ದರ ನಾ ಬೀಳತೇನಿ. ನನ್ನ ಮಾತು ಯಾಕ ಬದಲಿ ಮಾಡಿದಿ?" ಎಂದು ಕೇಳಿದೆ.

ಅವ್ವ ಸೆರಗಿನಿಂದ ನನ್ನ ಬಾಯಿ ಒರೆಸಿ, ರಸ್ತೆ ನೋಡುತ್ತಾ, "ಏನಂದಿ? ತಿಳೀಲಿಲ್ಲ," ಎಂದಳು.

ಎಂಟು ವರ್ಷವಾಯಿತು. ಮನೆಯಲ್ಲೇ ಇದ್ದೇನೆ.